ವಿದ್ಯೆ, ಯಂತ್ರ, ಕೂಲಿ: ಒಂದು ಕಾರ್ಯಕಾರಣವಾದದ ಪರೀಕ್ಷೆ

ದುಡಿಯುವವರ ವರಮಾನಗಳಲ್ಲಿ ಕಾಣಬರುವ ತಾರತಮ್ಯಕ್ಕೆ ಕಾರಣವೇನೆಂಬ ಪ್ರಶ್ನೆಗೆ ಅರ್ಥಶಾಸ್ತ್ರಜ್ಞರು ಈಚಿನ ಅರ್ಧ ಶತಮಾನದಲ್ಲಿ ಹಲವು ಉತ್ತರಗಳನ್ನು ಕೊಟ್ಟಿರುತ್ತಾರೆ. ಅವುಗಳೊಳಗೆ ಹೆಚ್ಚಿನ ಪ್ರಚಾರಕ್ಕೆ ಬಂದುದು ಕೌಶಲವಾದ. ಕೌಶಲವುಳ್ಳವನಿಗೆ ಹೆಚ್ಚು ಕೂಲಿ, ಅದಿಲ್ಲದವನಿಗೆ ಕಡಮೆ ಕೂಲಿ. ಯಂತ್ರವಿದ್ಯೆಯು ಬೆಳೆದಂತೆಲ್ಲ ಕೌಶಲಕ್ಕೆ ಬೇಡಿಕೆಯೂ ಬೆಳೆಯುವುದು. ಶಾಲಾಶಿಕ್ಷಣವು ಆ ಬೇಡಿಕೆಗೆ ತಕ್ಕಷ್ಟು ಬೇಗ ಹರಡಿದರೆ ವರಮಾನಗಳ ಅಂತರವು ಕುಗ್ಗುವುದು, ಹಿಂದೆ ಬಿದ್ದರೆ ಹಿಗ್ಗುವುದು ಎಂಬುದು ಇದರ ಸಾರ. ಹಾಲೆಂಡಿನ ಯಾನ್ ಟಿನ್‌ಬರ್ಗೆನ್ ಅವರು 1970ರ ದಶಕದಲ್ಲಿ ಬಿತ್ತಿದ ಈ ಬೀಜವು ಕ್ಲಾಡಿಯಾ ಗೋಲ್ಡಿನ್ ಮತ್ತು ಲಾರೆನ್ಸ್ ಕಾಟ್ಜ್ ಅವರು 2008ರಲ್ಲಿ ಪ್ರಕಟಿಸಿದ ‘ದಿ ರೇಸ್ ಬಿಟ್ವೀನ್ ಎಜುಕೇಶನ್ ಅಂಡ್ ಟೆಕ್ನಾಲಜಿ’ ಎಂಬ ಗ್ರಂಥದಲ್ಲಿ ಪೂರ್ಣವೃಕ್ಷವಾಗಿ ನಿಂತಿದೆ. ವಿದ್ಯೆಗೂ ಯಂತ್ರಕ್ಕೂ ನಡೆಯುವ ಪಂದ್ಯವೆಂದು ಹೆಸರಿನ ತಾತ್ಪರ್ಯ. ಗ್ರಂಥವು ಅಮೆರಿಕದ ಸಂಯುಕ್ತ ಸಂಸ್ಥಾನಗಳಿಗೆ ಸಂಬಂಧಪಟ್ಟುದಾದರೂ ಅದರ ಸಿದ್ಧಾಂತವನ್ನು ಇತರ ದೇಶಗಳ ಆಡಳಿತಗಾರರು ಹಿಂದುಮುಂದು ನೋಡದೆ ಎತ್ತಿಕೊಂಡಿರುವುದರಿಂದ, ಆ ವ್ಯಾಪ್ತಿಯು ಎಲ್ಲಿಯವರೆಗೆ ನಿಲ್ಲುವುದೆಂಬುದು ವಿಚಾರಣೀಯವಾಗಿದೆ.

ಮೊದಲು ಪೂರ್ವಪಕ್ಷವನ್ನು ನ್ಯಾಯವಾಗಿ ಹೇಳತಕ್ಕದ್ದು. ಗ್ರಂಥಕರ್ತರ ಪರಿಶ್ರಮವು ಸಾಮಾನ್ಯವಾದುದಲ್ಲ. ಅಮೆರಿಕದ ಅಯೋವಾ ಸಂಸ್ಥಾನವು 1915ರಲ್ಲಿ ನಡೆಸಿದ ಜನಗಣತಿಯಲ್ಲಿ ಪ್ರತಿಯೊಬ್ಬನು ಎಷ್ಟು ವರ್ಷ ಓದಿದನು, ಎಷ್ಟು ಸಂಪಾದಿಸಿದನು ಎಂಬ ಎರಡು ವಿವರಗಳೂ ಒಟ್ಟಿಗೆ ದಾಖಲಾಗಿದ್ದುವು. ರಾಷ್ಟ್ರದ ಜನಗಣತಿಯು ಇಂತಹ ವಿವರವನ್ನು ಕೇಳಿದುದು 1940ರಲ್ಲಿ. ಉಗ್ರಾಣದಲ್ಲಿ ಉಳಿದಿದ್ದ ಆ ಹಳೆಯ ಚೀಟಿಗಳನ್ನು ಹುಡುಕಿ ಲೆಕ್ಕಹಾಕಿ, ಆ ಕಾಲದಲ್ಲಿಯೇ ಪ್ರೌಢಶಾಲೆಯಲ್ಲಿ ಕಳೆದ ಒಂದೊಂದು ವರ್ಷವೂ ಸಂಪಾದನೆಯನ್ನು ಗಣನೀಯವಾಗಿ ಹೆಚ್ಚಿಸುತ್ತಿತ್ತೆಂದೂ, ಗುಮಾಸ್ತೆಯ ಕೆಲಸದಲ್ಲಿ ಮಾತ್ರವಲ್ಲದೆ ಬೇಸಾಯದಲ್ಲಿಯೂ ಈ ಲಾಭವು ಕಾಣಬರುತ್ತಿತ್ತೆಂದೂ ಅವರು ತೋರಿಸಿದ್ದಾರೆ. 1910ರಲ್ಲಿ ಆ ದೇಶದ ಹದಿಹರೆಯದವರಲ್ಲಿ ನೂರಕ್ಕೆ ಸುಮಾರು 9 ಮಂದಿ ಪ್ರೌಢಶಾಲೆಯನ್ನು ಮುಗಿಸುತ್ತಿದ್ದರು. 1940ರ ವೇಳೆಗೆ ಅದು 50ನ್ನು ದಾಟಿತು. ಊರೂರಿನ ಜನರು ತಾವೇ ತೆರಿಗೆ ಹಾಕಿಕೊಂಡು ಶಾಲೆಗಳನ್ನು ಕಟ್ಟಿಸಿದ ಆ ಚರಿತ್ರೆಯನ್ನು ವರ್ಣಿಸುವ ಅಧ್ಯಾಯಗಳೇ ಗ್ರಂಥದಲ್ಲಿ ಅತ್ಯುತ್ತಮವಾದುವು. ಇದರ ಫಲವಾಗಿ ಓದಿದವರ ಮತ್ತು ಓದದವರ ಕೂಲಿಗಳ ಅಂತರವು ಶತಮಾನದ ಆದಿಯಿಂದ ಮಧ್ಯದವರೆಗೆ ಕುಗ್ಗಿತು. 1980ರ ಅನಂತರ ಕಾಲೇಜು ಮುಗಿಸಿದವರ ಸಂಖ್ಯೆಯು ಹೆಚ್ಚುವ ವೇಗವು ಹಿಂದಿನ ಎರಡು ದಶಕಗಳ ವೇಗದ ಅರ್ಧದ ಸಮೀಪಕ್ಕೆ ಇಳಿಯಿತು. ಯಂತ್ರವು ಮಾತ್ರ ತನ್ನ ಓಟವನ್ನು ನಿಲ್ಲಿಸಲಿಲ್ಲ. ಅಂತರವು ಪುನಃ ಬೆಳೆಯಿತು.

ಈ ನಿರೂಪಣೆಯ ಗುಣವೆಂದರೆ ಒಂದೇ ಸೂತ್ರದಿಂದ ಏರಿಕೆ ಇಳಿಕೆಗಳೆರಡನ್ನೂ ವಿವರಿಸುವುದು. ಯಂತ್ರವು ಯಾವಾಗಲೂ ಕೌಶಲದ ಪಕ್ಷಪಾತಿಯೆಂದು ಗ್ರಂಥಕರ್ತರು ಹೇಳುವುದಿಲ್ಲವೆಂಬುದನ್ನೂ ಗಮನಿಸಬೇಕು. ಹತ್ತೊಂಬತ್ತನೆಯ ಶತಮಾನದ ಕಾರ್ಖಾನೆಗಳು ನುರಿತ ಕಸಬುದಾರರನ್ನು ಮೂಲೆಗೆ ತಳ್ಳಿದುವೆಂಬುದು ಅವರಿಗೂ ಸಮ್ಮತ. ಇಂಗ್ಲೆಂಡಿನಲ್ಲಿ 1820ರ ದಶಕದಲ್ಲಿ ಎರಡು ಲಕ್ಷಕ್ಕೂ ಮಿಕ್ಕಿದ್ದ ಹತ್ತಿಯ ಕೈಮಗ್ಗದವರು ಒಂದು ತಲೆಮಾರಿನೊಳಗೆ ಕೂಲಿಯನ್ನೂ ಕಸಬನ್ನೂ ಕಳೆದುಕೊಂಡರು. ಅವರ ಕೈಯ ಚಳಕವು ಒಂದು ದಿನದಲ್ಲಿ ಮಾಯವಾಯಿತೆಂದು ಯಾರೂ ಹೇಳಲಾರರು.

ಇನ್ನು ಪರೀಕ್ಷೆ. ಇಲ್ಲಿ ಮೊದಲು ಎದುರಾಗುವುದು ‘ಕೌಶಲ’ ಎಂಬ ಶಬ್ದ. ಗ್ರಂಥಕರ್ತರು ಕೌಶಲವನ್ನು ಅಳೆಯುವುದು ಶಾಲೆಯಲ್ಲಿ ಕಳೆದ ವರ್ಷಗಳಿಂದ. ಅಳತೆಗೆ ಸಿಕ್ಕುವುದು ಅದೊಂದೇ ಆದಕಾರಣ ಇದು ಕ್ಷಮ್ಯ. ಆದರೆ ಅಳತೆಯ ಕೋಲನ್ನೇ ಅಳೆಯಲ್ಪಡುವ ವಸ್ತುವೆಂದು ಭ್ರಮಿಸುವುದು ಕ್ಷಮ್ಯವಲ್ಲ. ಅಲಂಕಾರಶಾಸ್ತ್ರವನ್ನು ಓದಿದವರಿಗೆ ‘ಕುಶಲ’ ಶಬ್ದದ ವಿವಾದವು ಪರಿಚಿತವೇ. ದರ್ಭೆಯನ್ನು ಕೈಗೆ ಗಾಯವಾಗದಂತೆ ಕೊಯ್ದು ತರುವವನು ಕುಶಲನು; ಕೆಲಸದಲ್ಲಿ ನಿಪುಣನಾದವನನ್ನು ಹಾಗೆ ಕರೆಯುವುದು ರೂಢಿಯಿಂದ ಬಂದ ಲಕ್ಷಣೆ ಎಂದು ಮಮ್ಮಟನು ಕಾವ್ಯಪ್ರಕಾಶದಲ್ಲಿ ಉದಾಹರಿಸಿದ್ದಾನೆ. ವ್ಯುತ್ಪತ್ತಿಯ ಅರ್ಥ ಬೇರೆ, ಪ್ರವೃತ್ತಿಯ ಅರ್ಥ ಬೇರೆ. ನಿಪುಣನೆಂಬುದೇ ಮುಖ್ಯಾರ್ಥವೆಂದು ಸಾಹಿತ್ಯದರ್ಪಣದ ವಿಶ್ವನಾಥನು ಅದನ್ನು ಒಪ್ಪಲಿಲ್ಲ. ಇಬ್ಬರಲ್ಲಿ ಯಾರ ಪಕ್ಷವನ್ನು ಹಿಡಿದರೂ ಸರಿ, ಕುಶಲನೆಂದರೆ ಕೈಕೆಲಸವನ್ನು ಬಲ್ಲವನೇ ಹೊರತು ಪಾಠಶಾಲೆಯಲ್ಲಿ ಕುಳಿತಿದ್ದವನಲ್ಲ. ಹುಲ್ಲು ಕೊಯ್ಯುವವನಿಗೆ ಇಂದಿನ ವೇತನದ ಪಟ್ಟಿಗಳಲ್ಲಿ ಕುಶಲರ ಸಾಲಿನಲ್ಲಿ ಸ್ಥಳವು ದೊರೆಯುವ ಸಂಭವವಿಲ್ಲ.

ಪಟ್ಟಿಯ ಮಾತು ಬಂದುದರಿಂದ ಭಾರತದ ಶಾಸನಗಳನ್ನೂ ನೋಡಬಹುದು. 2019ರ ವೇತನ ಸಂಹಿತೆಯು ಕನಿಷ್ಠ ವೇತನವನ್ನು ಗೊತ್ತುಮಾಡುವುದಕ್ಕಾಗಿ ಕೆಲಸಗಾರರನ್ನು ಅಕುಶಲ, ಅರೆಕುಶಲ, ಕುಶಲ, ಅತಿಕುಶಲ ಎಂದು ನಾಲ್ಕು ವರ್ಗ ಮಾಡಿದೆ. ಗ್ರಾಮೀಣ ಉದ್ಯೋಗ ಖಾತರಿಗಾಗಿ 2005ರಲ್ಲಿ ಬಂದ ಕಾಯಿದೆಯು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಯಾವ ಕೌಶಲವೂ ತರಬೇತಿಯೂ ಇಲ್ಲದೆ ಯಾವ ವಯಸ್ಕನಾದರೂ ಮಾಡಬಲ್ಲ ದೇಹಶ್ರಮವೇ ಅಕುಶಲ ಕೆಲಸವೆಂದು ಲಕ್ಷಣವನ್ನು ಹೇಳಿತು. ಈ ಲಕ್ಷಣದ ಲಕ್ಷ್ಯವೆಂದು ಗಣಿಸಲ್ಪಟ್ಟ ಕೆಲಸಗಳಲ್ಲಿ ಕೆರೆಯ ಹೂಳೆತ್ತುವುದು, ಏರಿಯನ್ನು ಭದ್ರಪಡಿಸುವುದು, ಬದು ಹಾಕುವುದು ಮುಂತಾದುವು ಸೇರಿದ್ದುವು. ಯಾವ ಮಣ್ಣು ನೀರನ್ನು ಹಿಡಿಯುವುದು, ಯಾವುದು ಬಿರಿಯುವುದು, ಏರಿಯ ಇಳಿಜಾರು ಎಷ್ಟಿದ್ದರೆ ಮಳೆಗಾಲದಲ್ಲಿ ನಿಂತೀತು ಎಂಬ ತಿಳಿವಳಿಕೆ ಇಲ್ಲದೆ ಆ ಕೆಲಸವು ನಡೆಯುವುದಾಗಿದ್ದರೆ ಕರ್ಣಾಟಕದ ಕೆರೆಗಳಲ್ಲಿ ಒಂದಾದರೂ ನೂರು ವರ್ಷ ಬಾಳುತ್ತಿರಲಿಲ್ಲ. ಲಕ್ಷಣವು ಲಕ್ಷ್ಯಕ್ಕೆ ಹೊಂದದಿದ್ದರೆ ಅಸಂಭವದೋಷವೆಂದು ತಾರ್ಕಿಕರು ಹೇಳುತ್ತಾರೆ. ಇಲ್ಲಿ ದೋಷವು ತರ್ಕದಲ್ಲಿಯೇ ನಿಲ್ಲದೆ ಕೂಲಿಯವರೆಗೆ ಇಳಿದಿದೆ: ಮೊದಲು ಕಡಮೆ ಕೂಲಿ, ಆಮೇಲೆ ಅದಕ್ಕೆ ಒಪ್ಪುವ ಹೆಸರು, ಕೊನೆಗೆ ಆ ಹೆಸರೇ ಕಡಮೆ ಕೂಲಿಗೆ ಕಾರಣ. ಇದು ಅನ್ಯೋನ್ಯಾಶ್ರಯವಲ್ಲದೆ ಮತ್ತೇನೂ ಅಲ್ಲ.

ಶಬ್ದದ ವಿಚಾರವನ್ನು ಬಿಟ್ಟು, ಶಾಲೆಯ ವಿದ್ಯೆಯೇ ಕೌಶಲವೆಂದು ಒಪ್ಪಿಕೊಂಡರೂ ವ್ಯಾಪ್ತಿಯು ಸಿದ್ಧಿಸುವುದೇ? ಹೊಗೆಯಿದ್ದಲ್ಲಿ ಬೆಂಕಿಯುಂಟು, ಬೆಂಕಿಯಿದ್ದಲ್ಲೆಲ್ಲ ಹೊಗೆಯಿಲ್ಲ. ಕಾಯಿಸಿದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದ್ದರೂ ಹೊಗೆ ಏಳುವುದಿಲ್ಲ. ಹೊಗೆ ಏಳಬೇಕಾದರೆ ಹಸಿಯ ಸೌದೆಯ ಸಂಯೋಗವಿರಬೇಕು; ಅದೇ ಉಪಾಧಿ. ಕೌಶಲವಾದದಲ್ಲಿಯೂ ಇಂತಹದೊಂದು ಉಪಾಧಿಯು ಅಡಗಿರುವಂತೆ ತೋರುತ್ತದೆ. ಅದಾವುದೆಂಬುದನ್ನು ದೇಶದೇಶಗಳನ್ನು ಹೋಲಿಸಿದರಲ್ಲದೆ ತಿಳಿಯಲಾಗದು; ಒಂದೇ ದೇಶದ ಚರಿತ್ರೆಯನ್ನು ನೋಡಿದರೆ ಬೆಂಕಿ, ಸೌದೆ ಎರಡೂ ಕೂಡಿಯೇ ಕಾಣುತ್ತವೆ. ಗೋಲ್ಡಿನ್ ಮತ್ತು ಕಾಟ್ಜ್ ಅವರ ಗ್ರಂಥದ ಮುಖ್ಯವಾದ ನ್ಯೂನತೆಯು ಇಲ್ಲಿರುವುದು.

ಅನ್ವಯ ವ್ಯತಿರೇಕಗಳಿಗೆ ತಕ್ಕ ಸಾಮಗ್ರಿಯು ಇಂದು ಇಲ್ಲದಿಲ್ಲ. ಮುಂದುವರಿದ ದೇಶಗಳ ಆರ್ಥಿಕ ಸಹಕಾರ ಸಂಸ್ಥೆಯು 2011-12ರಲ್ಲಿ ಇಪ್ಪತ್ತಕ್ಕೂ ಹೆಚ್ಚು ದೇಶಗಳಲ್ಲಿ ವಯಸ್ಕರ ಓದುವ ಮತ್ತು ಲೆಕ್ಕಮಾಡುವ ಸಾಮರ್ಥ್ಯವನ್ನು ಪ್ರಶ್ನೆಪತ್ರಿಕೆಯಿಂದಲೇ ಅಳೆಯಿತು. ಇಲ್ಲಿ ಅಳೆದುದು ಶಾಲೆಯ ವರ್ಷಗಳನ್ನಲ್ಲ, ಸಾಮರ್ಥ್ಯವನ್ನೇ ಎಂಬುದು ವಿಶೇಷ. ಎರಿಕ್ ಹನುಶೆಕ್ ಮತ್ತು ಅವರ ಸಂಗಡಿಗರು 2015ರಲ್ಲಿ ಈ ಅಂಕಿಗಳನ್ನು ಕೂಲಿಯೊಡನೆ ಜೋಡಿಸಿ ನೋಡಿದರು. ಲೆಕ್ಕದ ಸಾಮರ್ಥ್ಯವು ಒಂದು ಗೊತ್ತಾದ ಪ್ರಮಾಣದಷ್ಟು ಹೆಚ್ಚಾದರೆ ಕೂಲಿಯು ಸರಾಸರಿಯಲ್ಲಿ ನೂರಕ್ಕೆ 18ರಷ್ಟು ಹೆಚ್ಚುವುದು. ಆದರೆ ಅದೇ ಸಾಮರ್ಥ್ಯದ ಅದೇ ಹೆಚ್ಚಳಕ್ಕೆ ಸ್ವೀಡನ್, ನಾರ್ವೆ ಮುಂತಾದ ಉತ್ತರದ ದೇಶಗಳಲ್ಲಿ 12ರಿಂದ 15. ಸಂಯುಕ್ತ ಸಂಸ್ಥಾನಗಳಲ್ಲಿ 28! ಅಲ್ಲಿಯ ಯಂತ್ರಗಳೂ ಇಲ್ಲಿಯ ಯಂತ್ರಗಳೂ ಬೇರೆಯಲ್ಲ. ಕಾರ್ಮಿಕ ಸಂಘಗಳ ಬಲವು ಹೆಚ್ಚಾಗಿದ್ದು, ಕೆಲಸದಿಂದ ತೆಗೆಯುವ ಅಧಿಕಾರಕ್ಕೆ ಕಾನೂನಿನ ಕಟ್ಟು ಇದ್ದು, ಸರಕಾರದ ನೌಕರಿಗಳ ಪಾಲು ದೊಡ್ಡದಾಗಿರುವ ದೇಶಗಳಲ್ಲಿ ಕೌಶಲದ ಬೆಲೆಯು ಕ್ರಮವಾಗಿ ಕಡಮೆಯಾಗಿದೆಯೆಂಬುದೇ ಆ ಲೇಖನದ ನಿರ್ಣಯ. ಹನುಶೆಕ್ ಅವರು ಕೌಶಲವಾದದ ವಿರೋಧಿಗಳಲ್ಲ, ಅದರ ಪ್ರಬಲ ಸಮರ್ಥಕರು. ಪ್ರತಿವಾದಿಯ ಬಾಯಿಂದಲೇ ಬಂದ ಸಾಕ್ಷ್ಯಕ್ಕೆ ಬೆಲೆ ಹೆಚ್ಚು.

ಕೌಶಲವು ಸಮವಾಗಿದ್ದೂ ಕೂಲಿಯು ವಿಷಮವಾಗಿರುವುದಕ್ಕೆ ಇದಕ್ಕಿಂತಲೂ ಸ್ಫುಟವಾದ ನಿದರ್ಶನವನ್ನು ಪ್ರಿನ್ಸ್‌ಟನ್ನಿನ ಆರ್ಲಿ ಆಶೆನ್‌ಫೆಲ್ಟರ್ ಅವರು ಒದಗಿಸಿದ್ದಾರೆ. ಮ್ಯಾಕ್‌ಡೊನಾಲ್ಡ್ ಎಂಬ ಫಲಾಹಾರದ ಅಂಗಡಿಗಳು ಜಗತ್ತಿನ ಎಲ್ಲ ಕಡೆಗಳಲ್ಲಿಯೂ ಒಂದೇ ವಿಧವಾದ ಒಲೆ, ಒಂದೇ ವಿಧವಾದ ಕೈಪಿಡಿ, ಒಂದೇ ವಿಧವಾದ ಕೆಲಸದ ಕ್ರಮವನ್ನು ಇಟ್ಟುಕೊಂಡಿರುವುದರಿಂದ ಹೋಲಿಕೆಗೆ ಇವು ಬಲು ಅನುಕೂಲ. 2007ರಲ್ಲಿ ಅಲ್ಲಿ ಒಂದು ಗಂಟೆ ದುಡಿದವನಿಗೆ ಸಂಯುಕ್ತ ಸಂಸ್ಥಾನಗಳಲ್ಲಿ 7.33 ಡಾಲರುಗಳು ದೊರೆಯುತ್ತಿದ್ದುವು. ಭಾರತದಲ್ಲಿ ಅರ್ಧ ಡಾಲರು ಕೂಡ ಇಲ್ಲ, 0.46. ಬೆಲೆಗಳ ವ್ಯತ್ಯಾಸವನ್ನು ಕಳೆಯುವುದಕ್ಕಾಗಿ ಆ ಅಂಗಡಿಯ ತಿಂಡಿಯಿಂದಲೇ ಲೆಕ್ಕಹಾಕಿದರೂ ಅಲ್ಲಿ ಗಂಟೆಯ ದುಡಿಮೆಗೆ ಎರಡಕ್ಕಿಂತ ಹೆಚ್ಚು, ಇಲ್ಲಿ ಒಂದರ ಮೂರನೆಯ ಒಂದು ಭಾಗದಷ್ಟು. ದೇಶದ ಒಟ್ಟು ಬಂಡವಾಳ, ರಸ್ತೆ, ವಿದ್ಯುತ್ತು, ಇತರ ಉದ್ಯೋಗಗಳ ಉತ್ಪತ್ತಿ ಇವೆಲ್ಲ ಸೇರಿ ಕೂಲಿಯ ಮಟ್ಟವನ್ನು ಗೊತ್ತುಮಾಡುತ್ತವೆಯೆಂದು ಪೂರ್ವಪಕ್ಷದವರು ಸಮಾಧಾನ ಹೇಳುವರು. ಸಮಾಧಾನವು ಸರಿಯೇ, ಆದರೆ ಅದರಿಂದ ಅವರ ಮೂಲಪ್ರತಿಜ್ಞೆಯೇ ಸಡಿಲವಾಗುತ್ತದೆ. ಕೂಲಿಯನ್ನು ಗೊತ್ತುಮಾಡುವುದು ಕೆಲಸಗಾರನೊಳಗಿರುವ ಗುಣವಲ್ಲ, ಅವನು ನಿಂತಿರುವ ನೆಲವು ಎಂದು ಒಪ್ಪಿದಂತಾಯಿತು.

ನೆಲವು ಒಂದೇ ಇದ್ದು ಕಟ್ಟಳೆ ಮಾತ್ರ ಬದಲಾದರೆ ಏನಾಗುವುದೆಂಬುದಕ್ಕೆ ಜರ್ಮನಿಯು ಸಾಕ್ಷಿ. ಕಸಬಿನ ಶಿಕ್ಷಣಕ್ಕೆ ಆ ದೇಶವು ಹೆಸರಾದುದು. ಅಂಗಡಿ ಕಾರ್ಖಾನೆಗಳಲ್ಲಿ ಕೆಲಸ ಮಾಡುತ್ತಲೇ ಶಾಲೆಯಲ್ಲಿಯೂ ಓದುವ ಅಲ್ಲಿಯ ಇಮ್ಮಡಿ ಪದ್ಧತಿಯನ್ನು ಹೊಗಳದ ಆಯೋಗವಿಲ್ಲ. ಆದರೂ 1990ರ ದಶಕದ ಮಧ್ಯದಿಂದ ಅಲ್ಲಿ ಕೆಳಗಿನ ಕೂಲಿಗಳು ಕುಸಿಯುತ್ತ ಬಂದುವು. 2015ನೆಯ ಜನವರಿ 1ರಂದು ಗಂಟೆಗೆ 8.50 ಯೂರೋಗಳಿಗೆ ಕಡಮೆಯಾಗದಂತೆ ಕೂಲಿಯನ್ನು ಕೊಡತಕ್ಕದ್ದೆಂದು ಕಾನೂನಾಯಿತು. ಹಿಂದಿನ ರಾತ್ರಿ ಮಲಗಿದ ಕೆಲಸಗಾರನು ಬೆಳಗಾಗುವುದರೊಳಗೆ ಹೆಚ್ಚಿನ ವಿದ್ಯೆಯನ್ನೇನೂ ಕಲಿತಿರಲಿಲ್ಲ. ಕೂಲಿಯು ಮಾತ್ರ ಹೆಚ್ಚಿತು. ಕೆಲಸಗಳು ನಾಶವಾಗುವುವೆಂದು ಅನೇಕರು ನುಡಿದ ಭವಿಷ್ಯವು ನಿಜವಾಗಲಿಲ್ಲವೆಂದೂ, ಕೆಲವರು ಹೆಚ್ಚು ಕೂಲಿಯ ಕಾರ್ಖಾನೆಗಳಿಗೆ ಸೇರಿಕೊಂಡರೆಂದೂ ಕ್ರಿಸ್ಟಿಯನ್ ಡಸ್ಟ್‌ಮನ್ ಮೊದಲಾದವರು 2022ರಲ್ಲಿ ಪ್ರಕಟಿಸಿದ ಸಂಶೋಧನೆಯಿಂದ ತಿಳಿದುಬರುತ್ತದೆ.

ಕೌಶಲವಿದ್ದೂ ಕೂಲಿಯಿಲ್ಲದಿರುವುದಕ್ಕೆ ದೂರ ಹೋಗಬೇಕಾದುದಿಲ್ಲ. ಇಳಕಲ್ಲಿನ ಸೀರೆಯಲ್ಲಿ ಒಡಲಿನ ಹಾಸನ್ನು ಸೆರಗಿನ ರೇಷ್ಮೆಯ ಹಾಸಿನೊಡನೆ ಕುಣಿಕೆಗಳಿಂದ ಜೋಡಿಸುವ ಕೆಲಸವು ವರ್ಷಗಟ್ಟಲೆ ಕೈ ಪಳಗದೆ ಬರತಕ್ಕುದಲ್ಲ. 2019-20ರ ಅಖಿಲ ಭಾರತ ಕೈಮಗ್ಗ ಗಣತಿಯ ಪ್ರಕಾರ ದೇಶದ ನೇಕಾರ ಕುಟುಂಬಗಳಲ್ಲಿ ಸುಮಾರು ಮೂರನೆಯ ಎರಡು ಪಾಲಿನವರ ತಿಂಗಳ ವರಮಾನವು 5000 ರೂಪಾಯಿಗಳನ್ನು ಮುಟ್ಟುವುದಿಲ್ಲ. ಕಾಯ್ದ ಕಬ್ಬಿಣದ ಗುಂಡಿಗೆ ಇದಕ್ಕಿಂತ ಒಳ್ಳೆಯ ದೃಷ್ಟಾಂತವು ಸಿಕ್ಕದು. (ಹನ್ನೆರಡು ವರ್ಷ ವ್ಯಾಕರಣವನ್ನು ಓದಿದವನಿಗೆ ದೊರೆಯುವ ಸಂಬಳವೂ ದೃಷ್ಟಾಂತವಾದೀತು, ಆದರೆ ಆ ವಿಷಯದಲ್ಲಿ ಪಂಡಿತರು ಸಾಕ್ಷಿ ಹೇಳುವುದು ಸ್ವಾರ್ಥವೆನಿಸುವುದು.) ಶಾಲೆಯ ವಿದ್ಯೆಯೇ ಬೇಕೆಂದರೂ ಸಂಗತಿಯು ಉತ್ತಮವಾಗುವುದಿಲ್ಲ. ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 2024ರ ವರದಿಯ ಪ್ರಕಾರ, ಭಾರತದ ತರುಣರಲ್ಲಿ ಪದವೀಧರರ ನಿರುದ್ಯೋಗವು 2022ರಲ್ಲಿ ನೂರಕ್ಕೆ 29.1; ಓದುಬರಹ ಬಾರದವರದು 3.4. ಬಡವನು ಕೆಲಸವಿಲ್ಲದೆ ಕುಳಿತಿರಲಾರನೆಂಬುದು ಇದಕ್ಕೆ ಒಂದು ಕಾರಣ, ಒಪ್ಪತಕ್ಕುದೇ. ಆದರೂ ವಿದ್ಯೆಯು ಪಂದ್ಯದಲ್ಲಿ ಹಿಂದೆ ಬಿದ್ದಿರುವ ದೇಶದಲ್ಲಿ ವಿದ್ಯಾವಂತನನ್ನು ಕರೆಯುವವರು ಸಾಲುಗಟ್ಟಿ ನಿಂತಿರಬೇಕಾಗಿತ್ತು.

ಹಾಗಾದರೆ ಉಪಾಧಿಯು ಯಾವುದು? ಕೆಲಸಗಾರನಿಗೆ ‘ಇಷ್ಟು ಕೊಟ್ಟಲ್ಲದೆ ಮಾಡೆನು’ ಎಂದು ಹೇಳುವ ಶಕ್ತಿ. ಅದು ಒಂದು ಕಡೆ ಸಂಘದಿಂದ ಬರುವುದು, ಮತ್ತೊಂದು ಕಡೆ ಕಾನೂನಿನಿಂದ, ಇನ್ನೊಂದು ಕಡೆ ಬೇರೆ ಕೆಲಸವು ಸುಲಭವಾಗಿ ಸಿಕ್ಕುವುದರಿಂದ. ವಿದ್ಯೆಯೂ ಆ ಶಕ್ತಿಯನ್ನು ಕೊಡುವುದುಂಟು. ಕೊಟ್ಟಲ್ಲಿ ಕೌಶಲವಾದವು ನಿಜವಾಗಿ ಕಾಣುವುದು. ಅಮೆರಿಕದ 1940ರ ದಶಕವನ್ನೇ ನೋಡಬಹುದು. ಅಂತರವು ಅತ್ಯಂತ ವೇಗವಾಗಿ ಕುಗ್ಗಿದುದು ಆಗಲೇ. ಶಾಲೆಗಳು ಹರಡಿದ್ದುವು, ನಿಜ. 1935ರಲ್ಲಿ ಸಂಘ ಕಟ್ಟುವ ಹಕ್ಕಿಗೂ 1938ರಲ್ಲಿ ಕನಿಷ್ಠ ಕೂಲಿಗೂ ಕಾನೂನುಗಳು ಬಂದು, 1942ರಿಂದ ಯುದ್ಧಕಾಲದ ಮಂಡಲಿಯು ಕೂಲಿಗಳನ್ನು ತಾನೇ ಗೊತ್ತುಮಾಡುತ್ತಿತ್ತೆಂಬುದೂ ಅಷ್ಟೇ ನಿಜ. 1950ರ ದಶಕದಲ್ಲಿ ಅಲ್ಲಿಯ ಕೆಲಸಗಾರರಲ್ಲಿ ಸುಮಾರು ಮೂರನೆಯ ಒಂದು ಪಾಲು ಸಂಘಗಳಲ್ಲಿದ್ದರು. 2023ರಲ್ಲಿ ಹತ್ತನೆಯ ಒಂದು ಪಾಲು. 2009ರಲ್ಲಿ 7.25 ಡಾಲರೆಂದು ನಿಂತ ಒಕ್ಕೂಟದ ಕನಿಷ್ಠ ಕೂಲಿಯು ಒಂದೂವರೆ ದಶಕ ಕಳೆದರೂ ಕದಲಲಿಲ್ಲ.

ಗ್ರಂಥಕರ್ತರು ಇವನ್ನು ಅರಿಯದವರಲ್ಲ. 1940ರ ದಶಕದ ಇಳಿಕೆಯನ್ನೂ 1980ರ ಸುತ್ತಮುತ್ತಲಿನ ಏರಿಕೆಯನ್ನೂ ಬೇಡಿಕೆ ಪೂರೈಕೆಗಳಿಂದಲೇ ಪೂರ್ತಿಯಾಗಿ ವಿವರಿಸಲಾಗದೆಂದೂ, ಸಂಘಗಳೂ ಕಾನೂನುಗಳೂ ಸಹಕಾರಿಗಳೆಂದೂ ಅವರೇ ಬರೆದಿದ್ದಾರೆ. ಆಕ್ಷೇಪಣೆಯು ಅವರು ಮರೆತರೆಂಬುದಲ್ಲ. ಅಂಗಾಂಗಿಭಾವವನ್ನು ವಿಧಿಸಿದ ಕ್ರಮ ಸರಿಯಲ್ಲವೆಂಬುದು. ಮೊದಲು ಪೂರೈಕೆ ಬೇಡಿಕೆಗಳಿಂದ ಎಷ್ಟು ಸಾಧ್ಯವೋ ಅಷ್ಟನ್ನು ವಿವರಿಸಿ, ಮಿಕ್ಕ ಶೇಷಕ್ಕೆ ಮಾತ್ರ ಕಾನೂನನ್ನು ಕಾರಣವಾಗಿ ಹೇಳಿದರೆ ಮೊದಲನೆಯದು ಪ್ರಧಾನವಾಗಿಯೂ ಎರಡನೆಯದು ಅಂಗವಾಗಿಯೂ ತೋರುವುದು ಲೆಕ್ಕದ ಕ್ರಮದಿಂದಲೇ. ಕ್ರಮವನ್ನು ತಿರುಗಿಸಿದರೆ ಫಲವೂ ಎಷ್ಟೋ ತಿರುಗುವುದು.

ಮತ್ತೊಂದು ಅವ್ಯಾಪ್ತಿಯನ್ನು ಚುಟುಕಾಗಿ ಹೇಳಬಹುದು. ಸಂಯುಕ್ತ ಸಂಸ್ಥಾನಗಳಲ್ಲಿ ಪದವೀಧರರು ವಯಸ್ಕರಲ್ಲಿ ಮೂರನೆಯ ಒಂದು ಪಾಲಿಗಿಂತ ಹೆಚ್ಚು. 1980ರ ಅನಂತರ ವರಮಾನವು ಒಟ್ಟುಗೂಡಿದುದಾದರೋ ನೂರರಲ್ಲಿ ಒಬ್ಬನ ಬಳಿ. ಥಾಮಸ್ ಪಿಕೆಟಿ ಮತ್ತು ಎಮಾನ್ಯುಯಲ್ ಸಾಯೆಜ್ ಅವರ ಲೆಕ್ಕದಂತೆ ಆ ಒಬ್ಬನ ಪಾಲು ಸುಮಾರು ಇಮ್ಮಡಿಯಾಯಿತು. ತೆರಿಗೆಯ ದಾಖಲೆಗಳನ್ನು ಬೇರೆ ರೀತಿಯಲ್ಲಿ ಓದುವ ಜೆರಾಲ್ಡ್ ಆಟನ್, ಡೇವಿಡ್ ಸ್ಪ್ಲಿಂಟರ್ ಅವರು ಏರಿಕೆಯು ಬಹಳ ಕಡಮೆಯೆನ್ನುತ್ತಾರೆ. ಈ ವಿವಾದವು ಹೇಗೆ ತೀರಿದರೂ, ನೂರರಲ್ಲಿ ಒಬ್ಬನು ಉಳಿದ ಪದವೀಧರರಿಗಿಂತ ಹೆಚ್ಚು ವರ್ಷ ಓದಿದುದರಿಂದ ಮೇಲೇರಿದನೆಂದು ಯಾರೂ ಹೇಳಿಲ್ಲ. ಭಾರತದಲ್ಲಿ 2022-23ರಲ್ಲಿ ಮೇಲಿನ ನೂರರಲ್ಲೊಬ್ಬರ ಪಾಲು ರಾಷ್ಟ್ರೀಯ ವರಮಾನದಲ್ಲಿ ನೂರಕ್ಕೆ 22.6 ಎಂದು ಪ್ಯಾರಿಸ್ಸಿನ ಅಸಮಾನತಾ ಸಂಶೋಧನಾಲಯದವರು ಅಂದಾಜು ಮಾಡಿರುತ್ತಾರೆ. ಅದರ ವಿವರಣೆಗೂ ಶಾಲೆಯ ಹಾಜರಿಪುಸ್ತಕವು ಸಾಲದು.

ಇಷ್ಟರಿಂದ ವಿದ್ಯೆಯು ನಿಷ್ಪ್ರಯೋಜನವೆಂದು ಸಾಧಿಸಿದಂತಾಗುವುದಿಲ್ಲ. ದಕ್ಷಿಣ ಕೊರಿಯಾದಲ್ಲಿ 1980ರ ದಶಕದ ಆದಿಯಲ್ಲಿ ವಿಶ್ವವಿದ್ಯಾಲಯಗಳ ಬಾಗಿಲು ಅಗಲವಾಯಿತು. ಪದವೀಧರರ ಹೆಚ್ಚುವರಿ ಕೂಲಿಯು ಮುಂದಿನ ವರ್ಷಗಳಲ್ಲಿ ಕರಗಿತು. 1987ರ ಬೇಸಗೆಯಲ್ಲಿ ಅಲ್ಲಿಯ ಕಾರ್ಮಿಕರು ಹೂಡಿದ ಮಹಾಮುಷ್ಕರಗಳನ್ನೂ ಆ ಲೆಕ್ಕದಲ್ಲಿ ಸೇರಿಸಬೇಕು. ಬ್ರೆಜಿಲಿನಲ್ಲಿ 2000ದ ಅನಂತರದ ಒಂದು ದಶಕದಲ್ಲಿ ವರಮಾನದ ತಾರತಮ್ಯವು ಇಳಿದಾಗಲೂ ಶಾಲೆಗಳ ವಿಸ್ತಾರ, ಕನಿಷ್ಠ ಕೂಲಿಯ ಏರಿಕೆ, 2003ರಲ್ಲಿ ಮೊದಲಾದ ಕುಟುಂಬವೇತನ ಈ ಮೂರೂ ಕೂಡಿ ಕೆಲಸಮಾಡಿದುವು. ಬೆಂಕಿಯೂ ಇತ್ತು, ಹಸಿಯ ಸೌದೆಯೂ ಇತ್ತು.

ಗೋಲ್ಡಿನ್ ಅವರು 2021ರಲ್ಲಿ ಪ್ರಕಟಿಸಿದ ‘ಕೆರಿಯರ್ ಅಂಡ್ ಫ್ಯಾಮಿಲಿ’ ಎಂಬ ಬೇರೊಂದು ಗ್ರಂಥವನ್ನು ಇದರ ಜೊತೆಯಲ್ಲಿ ಓದುವುದು ಯುಕ್ತ. ಸ್ತ್ರೀಪುರುಷರ ಸಂಪಾದನೆಯ ಅಂತರದಲ್ಲಿ ಬಹುಭಾಗವು ಬೇರೆಬೇರೆ ಉದ್ಯೋಗಗಳ ನಡುವೆ ಇಲ್ಲ, ಒಂದೇ ಉದ್ಯೋಗದೊಳಗೆ ಒಂದೇ ಪದವಿಯುಳ್ಳವರ ನಡುವೆ ಇದೆ. ಹೊತ್ತುಗೊತ್ತಿಲ್ಲದೆ ಕರೆದಾಗ ಬರಬಲ್ಲವನಿಗೆ ಉದ್ಯೋಗವು ಹೆಚ್ಚಾಗಿ ಕೊಡುತ್ತದೆ, ಮನೆಯಲ್ಲಿ ಮಗುವನ್ನು ನೋಡಿಕೊಳ್ಳಬೇಕಾದವಳಿಗೆ ಕೊಡುವುದಿಲ್ಲ ಎಂದು ಅಲ್ಲಿ ತೋರಿಸಲಾಗಿದೆ. 2023ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕವು ಬಂದುದು ಸ್ತ್ರೀಯರ ದುಡಿಮೆಯನ್ನು ಕುರಿತ ಈ ಬಗೆಯ ಸಂಶೋಧನೆಗಾಗಿ. ವಿದ್ಯೆಯು ಸಮವಾದ ಮೇಲೂ ಕೂಲಿಯು ಸಮವಾಗದಿರುವ ಕಾರಣವನ್ನು ಉದ್ಯೋಗದ ಏರ್ಪಾಟಿನಲ್ಲಿ ಹುಡುಕಿದ ಗ್ರಂಥಕರ್ತ್ರಿಯು ಹಿಂದಿನ ಗ್ರಂಥದಲ್ಲಿ ಅದೇ ದೀಪವನ್ನು ಕೂಲಿಕಾರನ ಕಡೆಗೆ ತಿರುಗಿಸಲಿಲ್ಲ.

ಈ ಶಾಸ್ತ್ರದ ಗ್ರಂಥಗಳನ್ನು ಕನ್ನಡಕ್ಕೆ ತರುವವರು ಪರಿಭಾಷೆಯ ವಿಷಯದಲ್ಲಿ ಎಚ್ಚರವಹಿಸುವುದು ಅವಶ್ಯಕ. ಅರ್ಥಶಾಸ್ತ್ರಜ್ಞರು ‘ಸ್ಕಿಲ್’ ಎಂದು ಬರೆದು ಶಾಲೆಯ ವರ್ಷಗಳನ್ನು ಎಣಿಸಿರುವ ಕಡೆಯಲ್ಲಿ ‘ಶಾಲಾವಿದ್ಯೆ’ ಎಂದೂ, ಪರೀಕ್ಷೆಯಿಂದ ಅಳೆದಿರುವ ಕಡೆಯಲ್ಲಿ ‘ಸಾಮರ್ಥ್ಯ’ವೆಂದೂ ಹೇಳಿ, ‘ಕೌಶಲ’ವನ್ನು ಕೈಕೆಲಸದ ನೈಪುಣ್ಯಕ್ಕೆ ಮೀಸಲಿಡುವುದು ಲೇಸು. ‘ಅನ್‌ಸ್ಕಿಲ್ಡ್’ ಎಂಬುದಕ್ಕೆ ‘ಅಕುಶಲ’ವೆಂಬ ಪದವು ಸರಕಾರದ ಪಟ್ಟಿಗಳಲ್ಲಿ ನೆಲೆಗೊಂಡಿದ್ದರೂ ಶಾಸ್ತ್ರಗ್ರಂಥಗಳಲ್ಲಿ ಅದನ್ನು ಬಿಟ್ಟು ‘ಪ್ರಮಾಣಪತ್ರವಿಲ್ಲದ ಕೆಲಸಗಾರ’ ಎಂದು ಬಿಡಿಸಿ ಬರೆಯಬಹುದು. ಪದವು ಉದ್ದವಾಗುವುದು, ಅರ್ಥವು ಮಾತ್ರ ಇದ್ದುದಿದ್ದಂತೆ ಉಳಿಯುವುದು.